ಯಾರಿಗೂ ಹೇಳ್ಬೇಡಿ ಮತ್ತೆ!

ನಿಮ್ಮ ಫೋನಿಗೆ ಲಾಕ್ ಇದೆ ತಾನೆ? ಬೆರಳು, ಮುಖ, ಅದರ ಮೇಲೊಂದು ಪಿನ್. ಆ ಪಿನ್ ನಿಮ್ಮ ಹುಟ್ಟಿದ ವರ್ಷ ಅಲ್ಲ ಅಂತ ಒಂದ್ಸಲ ಹೇಳಿಬಿಡಿ ನೋಡೋಣ. (ಮಗಳು ಹುಟ್ಟಿದ ವರ್ಷವೂ ಲೆಕ್ಕಕ್ಕೆ ಬರುತ್ತೆ, ನಗಬೇಡಿ.)

ಬಸ್ಸಲ್ಲಿ ಪಕ್ಕದವನು ಕಣ್ಣು ಹಾಯಿಸಿದರೆ ಸಾಕು, ಫೋನ್ ಎದೆಗೆ ಅವುಚಿಕೊಳ್ತೀರಿ. ಅದೇ ಬಸ್ ಇಳಿದು ಜೆರಾಕ್ಸ್ ಅಂಗಡಿಗೆ ಹೋದರೆ? ‘ವಾಟ್ಸಾಪ್ ಮಾಡಿ ಸಾರ್’ ಅಂದಿದ್ದೇ ತಡ, ಆಧಾರ್, ಪ್ಯಾನ್, ಪಾಸ್‌ಬುಕ್ ಮೂರೂ ಅವನ ನಂಬರಿಗೆ! ಅವನ ಹೆಸರೇನು? ಊಹೂಂ. (ಕೊನೆಯ ನಾಲ್ಕಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಸಿಗುತ್ತೆ ಅಂತ ನಿಮಗೂ ಗೊತ್ತು. ಒಟಿಪಿಗೆ ಯಾರು ಕಾಯ್ತಾರೆ, ಅಲ್ವಾ?)

2021ರ ಜನವರಿ ನೆನಪಿದೆಯಾ? ವಾಟ್ಸಾಪ್ ಹೊಸ ಪ್ರೈವೆಸಿ ಪಾಲಿಸಿ ಅಂತು. ನೀವೂ ರೋಷ ಉಕ್ಕಿ ಸಿಗ್ನಲ್‌ಗೆ ಗುಳೆ ಹೊರಟ್ರಿ. ಅಲ್ಲಿ ನೋಡಿದರೆ ಚಿಕ್ಕಮ್ಮ ಇಲ್ಲ, ಗುಡ್ ಮಾರ್ನಿಂಗ್ ಹೂವಿಲ್ಲ. ಗುಟ್ಟು ಭದ್ರ, ಆದ್ರೆ ಹೇಳೋಕೇ ಜನ ಇಲ್ಲ! ಸದ್ದಿಲ್ಲದೆ ವಾಪಸ್ ಬಂದು ‘ಅಗ್ರೀ’ ಒತ್ತಿದ್ದು ನಾನೊಬ್ಬನೇ ಅಂತ ಹೇಳ್ಬೇಡಿ.

ಇನ್ನು ಆ ಕಪ್ಪು ಪರದೆಯ ಇನ್‌ಕಾಗ್ನಿಟೊ. (ಮೂಲವ್ಯಾಧಿಗೆ ಮನೆಮದ್ದು ಹುಡುಕೋದು ಅಲ್ಲೇ ತಾನೆ?) ಹಿಸ್ಟರಿ ನಿಮ್ಮ ಫೋನಲ್ಲಿ ಉಳಿಯಲ್ಲ, ಅಷ್ಟೆ. ನೀವು ಬಂದುಹೋಗಿದ್ದು ಆ ಸೈಟಿಗೂ ಇಂಟರ್ನೆಟ್ ಕೊಡೋ ಕಂಪನಿಗೂ ಗೊತ್ತು. ಗೊತ್ತಾಗದೆ ಇದ್ದಿದ್ದು ನಿಮ್ಮ ಭಾಮೈದನಿಗೆ ಮಾತ್ರ. ನಮಗೆ ಅಷ್ಟೇ ಸಾಕು! ಕಂಪನಿಯೇನು ಮದುವೆ ಮನೇಲಿ ಸಿಕ್ಕಿ ‘ಈಗ ಹೇಗಿದೆ?’ ಅಂತ ಕೇಳುತ್ತಾ?

ಪಾಪ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, 86ರ ವಯಸ್ಸಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ಕ್ಕೆ ಒಂಬತ್ತೂ ಜಡ್ಜ್‌ಗಳು ಒಂದೇ ದನಿಯಲ್ಲಿ ಅಂದರು: ಖಾಸಗಿತನ ಮೂಲಭೂತ ಹಕ್ಕು! ಆ ಹಕ್ಕನ್ನ ನಾವೇನು ಮಾಡಿದ್ವಿ? ಹೆಸರು, ಮೊಬೈಲ್, ಮದುವೆ ದಿನ ಎಲ್ಲ ಬರೆದು ಮಾಲಿನ ಲಕ್ಕಿ ಡ್ರಾ ಡಬ್ಬಿಗೆ ಹಾಕಿ ಬಂದ್ವಿ. (ಕಾರ್ ಬಂತಾ? ಸೈಟ್ ಮಾರೋರ ಕಾಲ್ ಬಂತು.)

ಸರಿ, ಈಗ ರಜಾ. ಮನೆಗೆ ಬೀಗ ಹಾಕಿ ಮೂರ್ಮೂರು ಸಲ ಜಗ್ಗಿ ನೋಡಿದ್ರಿ. ಪಕ್ಕದ ಮನೆಯವರು ‘ಎಲ್ಲಿಗೆ ಹೊರಟ್ರಿ?’ ಅಂದ್ರೆ ‘ಇಲ್ಲೇ, ಹೀಗೇ’ ಅಂದ್ರಿ. ಕಾರ್ ಹತ್ತಿದ ತಕ್ಷಣ ಸ್ಟೇಟಸ್ ಹಾಕಿದ್ರಿ: ‘ಐದು ದಿನ ಸಕಲೇಶಪುರ!’

ಎಷ್ಟು ಜನ ನೋಡಿದ್ರು ಅಂತ ಆಗಲೇ ನಾಲ್ಕು ಸಲ ತೆಗೆದು ನೋಡಿದ್ದೂ ಆಯ್ತು. ಪಕ್ಕದ ಮನೆಯವರು ಇನ್ನೂ ನೋಡಿಲ್ಲ ಅಂತ ಬೇಜಾರು ಬೇರೆ!