ಅಮಾವಾಸ್ಯೆಯ ಪ್ರೇಮಕತೆ

ಪ್ರೇಮಕತೆ ಬರೆಯುವವರು ಫೆಬ್ರುವರಿ 14 ಬಿಟ್ಟು ಕದಲುವುದಿಲ್ಲ. ನಮ್ಮ ಬೀದರಿನ ಮೈಲೂರಿನವರಿಗೆ ಆ ಗುಲಾಬಿ ಯಾಕೆ? ಎಳ್ಳ ಅಮಾವಾಸ್ಯೆ ಇಲ್ಲವೇ! ಚಂದ್ರನಿಲ್ಲದ ದಿನ ಎಂಥ ಪ್ರೇಮ ಎನ್ನಬೇಡಿ. ಇದು ಹಾಡಹಗಲಿನ ಹಬ್ಬ. ಚಳಿಗಾಲದ ಬಿಸಿಲು, ಆಳೆತ್ತರದ ಜೋಳ, ಊರಿಗೆ ಊರೇ ಹೊಲದಲ್ಲಿ. ಬೆಳೆಗೆ ನೈವೇದ್ಯದ ಚರಗ ಚೆಲ್ಲುವ ನೆಪದಲ್ಲಿ ನಾಯಕ ಪಕ್ಕದ ಹೊಲದ ಬದುವಿನವರೆಗೂ ಹೋಗಬಹುದು. ತೊಡಕೊಂದೇ: ಬಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಮುಗಿಸಿದವನಿಗೆ ಪ್ರೇಮಕ್ಕಿಂತ ಮೊದಲು ನಿದ್ದೆ ಬರುತ್ತದೆ.

ಅದು ಬೇಡವೆಂದರೆ ಸೆಪ್ಟೆಂಬರ್ 17 ಇದೆ. 1948ರ ಆ ದಿನ ನಮ್ಮನ್ನಾಳುತ್ತಿದ್ದ ಹೈದರಾಬಾದಿನ ನಿಜಾಮನೇ ಶರಣಾದ. ನಾಯಕಿಯ ಅಪ್ಪ ಯಾವ ಲೆಕ್ಕ? ಆದರೆ ಸಂಪಾದಕರೇ, ನಿಜಾಮನಿಗೆ ಐದು ದಿನ ಸಾಕಾಯಿತು. ಅಪ್ಪನಿಗೆ ಧಾರಾವಾಹಿಯೇ ಬೇಕು. ಸಂಭಾವನೆ ಕಂತಿಗಿಷ್ಟು ಅಂತ ಈಗಲೇ ಹೇಳಿಬಿಡಿ.