ರೈಡರ್ ಬೇಕಾಗಿದ್ದಾರೆ: ಪಾಸ್‌ಪೋರ್ಟ್ ಇಲ್ಲದವರಿಗೆ ಆದ್ಯತೆ

ಮಂಗಳೂರಿನ ಆಸುಪಾಸಿನ ಕಬಡ್ಡಿ ತಂಡಗಳಲ್ಲಿ ಈಗ ಎರಡೇ ಬಗೆಯ ಆಟಗಾರರು: ವೀಸಾ ಬಂದವರು, ವೀಸಾ ಬರಲಿರುವವರು. ಮೂರನೆಯ ಬಗೆಯವರೂ ಒಂದು ಕಾಲಕ್ಕೆ ಇದ್ದರು. ಅವರಿಗೆ ಹೊಟ್ಟೆ ಬಂದು, ಮಂಡಿ ಹೋಗಿ, ಈಗ ಸಂಘದ ಪದಾಧಿಕಾರಿಗಳಾಗಿದ್ದಾರೆ.

ನಮ್ಮ ಕಡೆಯ ಒಂದು ಯುವಕ ಮಂಡಲದ ಕಾರ್ಯದರ್ಶಿಯವರು ತಂಡದ ಪಟ್ಟಿಯನ್ನು ಪೆನ್ಸಿಲಿನಲ್ಲಿ ಬರೆಯುತ್ತಾರೆ. ಪೆನ್ನಿನಲ್ಲಿ ಬರೆದರೆ ಪಂದ್ಯಾಟದ ದಿನ ಆಗುವಾಗ ಕಾಗದ ನೋಡಲಿಕ್ಕಾಗುವುದಿಲ್ಲ. ಮೊನ್ನೆ ಸಿಕ್ಕಿದಾಗ ಕೇಳಿದೆ.

“ಎಡ ಕಾರ್ನರಿನ ಹುಡುಗ ಕಾಣುದಿಲ್ಲ?”

“ದಮಾಮ್.”

“ಬಲ ಕಾರ್ನರ್?”

“ಮೆಡಿಕಲ್ ಆಗಿದೆ, ಸ್ಟಾಂಪಿಂಗ್ ಬಾಕಿ.”

“ಆ ಉದ್ದದ ರೈಡರ್? ಬೋನಸ್ ತೆಗೆಯುವವ?”

“ಅವನದ್ದು ಎಂತ ಕೇಳುದು ಮಾರಾಯ್ರೆ. ಸೆಮಿಫೈನಲ್ ಬಿಟ್ಟು ಇಂಟರ್‌ವ್ಯೂಗೆ ಹೋದ. ಅಲ್ಲಿ ಕೂಡ ಫಸ್ಟ್ ರೌಂಡಿನಲ್ಲೇ ಪಾಸ್.”

ಹೇಳುವಾಗ ಅವರ ಮುಖದಲ್ಲಿ ದುಃಖ ಹುಡುಕಿದೆ. ಸಿಕ್ಕಿದ್ದು ಹೆಮ್ಮೆ. ಏಳು ಜನ ಸುತ್ತುವರಿದರೂ ಕೈಗೆ ಸಿಗದ ಹುಡುಗ ಏಜೆಂಟನ ಒಂದು ವಾಟ್ಸಾಪ್ ಮೆಸೇಜಿಗೆ ಔಟಾದದ್ದು ಸೋಲೋ ಗೆಲುವೋ ಎಂದು ಸಂಘ ಇನ್ನೂ ತೀರ್ಮಾನಿಸಿಲ್ಲ. ಅಂಪೈರ್ ಎರಡೂ ಕಡೆಗೆ ಪಾಯಿಂಟ್ ಕೊಟ್ಟಂತಿದೆ.

ಈ ಕಾಯಿಲೆ ನಮ್ಮದೊಂದೇ ಅಲ್ಲ ಎಂದು ಸಮಾಧಾನ ಮಾಡಿಕೊಳ್ಳುವವರಿಗೆ ರಗ್ಬಿ ಇದೆ. ನ್ಯೂಜಿಲೆಂಡ್, ಫಿಜಿ, ವೇಲ್ಸ್‌ಗಳಲ್ಲಿ ಕ್ಲಬ್ಬುಗಳದ್ದು ಇದೇ ಗೋಳು: ಒಳ್ಳೆಯ ಆಟಗಾರನನ್ನು ಬೆಳೆಸಿ ನಿಲ್ಲಿಸುವಷ್ಟರಲ್ಲಿ ಫ್ರಾನ್ಸಿನ ಕ್ಲಬ್ಬೋ ಜಪಾನಿನ ಕಂಪನಿಯೋ ಬಂದು ಹಾರಿಸಿಕೊಂಡು ಹೋಗುತ್ತದೆ. ನ್ಯೂಜಿಲೆಂಡಿನವರು ಇದಕ್ಕೊಂದು ಕಟ್ಟುನಿಟ್ಟು ಮಾಡಿಕೊಂಡಿದ್ದಾರೆ. ಹೊರದೇಶದ ಕ್ಲಬ್ಬಿಗೆ ಆಡಲು ಹೋದವನನ್ನು ಆಲ್ ಬ್ಲ್ಯಾಕ್ಸ್ ತಂಡಕ್ಕೆ ಆರಿಸುವುದಿಲ್ಲ. ನಮ್ಮಲ್ಲಿಯೂ ನಿಯಮವಿದೆ. ಹೊರದೇಶಕ್ಕೆ ಹೋದವನನ್ನು ಮಾತ್ರ ಗೌರವಾಧ್ಯಕ್ಷನನ್ನಾಗಿ ಆರಿಸುತ್ತೇವೆ.

ಇಲ್ಲೇ ಉಳಿದವನು ಏನು ತಪ್ಪು ಮಾಡಿದ ಎಂದು ತಿಳಿಯಬೇಕಾದರೆ ಯಾವುದಾದರೂ ಹೊನಲು ಬೆಳಕಿನ ಪಂದ್ಯಾಟದ ಫ್ಲೆಕ್ಸ್ ನೋಡಬೇಕು. ಮೇಲಿನ ಸಾಲಿನಲ್ಲಿ ಶಾಸಕರು. ಅವರ ಮುಖದಷ್ಟೇ ದೊಡ್ಡ ಮುಖದಲ್ಲಿ, ಕಪ್ಪು ಕನ್ನಡಕ ಹಾಕಿ, ಹಿಂದೆ ಬುರ್ಜ್ ಖಲೀಫಾ ನಿಲ್ಲಿಸಿಕೊಂಡು ನಗುತ್ತಿರುವವರು ‘ದುಬೈ ಉದ್ಯಮಿ’. ಐದು ವರ್ಷದ ಹಿಂದೆ ಇವರು ಇದೇ ತಂಡದಲ್ಲಿ ಕ್ಯಾಚರ್ ಆಗಿದ್ದಾಗ ಇವರ ಹೆಸರನ್ನು ಮೈಕಿನವನು ಸರಿಯಾಗಿ ಹೇಳಿದ್ದಿಲ್ಲ. ಕೆಳಗೆ, ಬಹುಮಾನದ ವಿವರದ ಅಡಿಯಲ್ಲಿ, ಪ್ರಿಂಟಿಂಗ್ ಪ್ರೆಸ್‌ನ ಫೋನ್ ನಂಬರಿನ ಪಕ್ಕದಲ್ಲಿ, ಕಾಳಿನಷ್ಟು ಮುಖಗಳ ಒಂದು ಗ್ರೂಪ್ ಫೋಟೋ. ಆಡುವವರು ಅವರು.

ಹದಿನೆಂಟರ ಹುಡುಗ ಬಸ್ ಕಾಯುತ್ತಾ ಈ ಫ್ಲೆಕ್ಸನ್ನು ದಿನಾ ನೋಡುತ್ತಾನೆ. ಅವನಿಗೆ ಬೇರೆ ಕೆರಿಯರ್ ಗೈಡೆನ್ಸ್ ಬೇಕೇ?

ಲೆಕ್ಕವೂ ಅವನ ಪರವಾಗಿಯೇ ಇದೆ. ಪ್ರಥಮ ಬಹುಮಾನ 30,000 ನಗದು ಮತ್ತು ಶಾಶ್ವತ ಫಲಕ ಎಂದಿಟ್ಟುಕೊಳ್ಳಿ. ಅಂಕಣದಲ್ಲಿ ಏಳು, ಹೊರಗೆ ಐದು, ಒಟ್ಟು 12 ಜನ. ತಲೆಗೆ 2,500. ಅದರಲ್ಲಿ ಟೆಂಪೋ ಬಾಡಿಗೆ ಹೋಯಿತು, ಪ್ರವೇಶ ಶುಲ್ಕ ಹೋಯಿತು, ಗೆದ್ದ ಖುಷಿಗೆ ಮಧ್ಯರಾತ್ರಿಯ ಊಟ ಹೋಯಿತು, ಮುರಿದ ಬೆರಳಿಗೆ ಬ್ಯಾಂಡೇಜ್ ಹೋಯಿತು. ಉಳಿದದ್ದು ಸಂಘದ ಕಟ್ಟಡ ನಿಧಿಗೆ. ಶಾಶ್ವತ ಫಲಕ ಸಂಘದ ಕಪಾಟಿಗೆ. ಆಟಗಾರನಿಗೆ ಉಳಿಯುವುದು ಬೆನ್ನ ಮೇಲೆ ಅಧ್ಯಕ್ಷರ ಕೈಯ ಗುರುತು. “ಊರಿನ ಅಭಿಮಾನ ಇರಬೇಕು ಮಗಾ” ಎಂದು ತಟ್ಟಿದ್ದು. ಅಧ್ಯಕ್ಷರ ಸ್ವಂತ ಮಗ ಎಲ್ಲಿದ್ದಾನೆಂದು ಕೇಳಬಾರದು. ಅವನು ಎಂಜಿನಿಯರ್, ಕತಾರಿನಲ್ಲಿದ್ದಾನೆ, ಅಭಿಮಾನ ಅಲ್ಲಿಂದಲೇ ಕಳಿಸುತ್ತಾನೆ.

ಹೀಗೆ ಒಂದು ತಂಡ ಹೋಗುವುದಕ್ಕೆ ವಿಮಾನವೇ ಬೇಕೆಂದಿಲ್ಲ ಎನ್ನಿ. ಕರಾವಳಿಯವರು ಬಾಂಬೆಗೆ ಹೋಗುತ್ತಿದ್ದ ಕಾಲದಲ್ಲೂ ತಂಡ ಖಾಲಿಯಾಗುತ್ತಿತ್ತು. ಆದರೆ ಬಾಂಬೆಗೆ ಹೋದವನು ದೀಪಾವಳಿಗೆ ಬಂದರೆ ಒಂದು ಪಂದ್ಯ ಆಡಿಯೇ ಹೋಗುತ್ತಿದ್ದ. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅಲ್ಲಿಂದ ಮೇಲೆ ಬಜ್ಪೆಯ ಗುಡ್ಡದಲ್ಲಿ ರನ್‌ವೇ ಚಟುವಟಿಕೆ ಹೆಚ್ಚಿದಷ್ಟೂ ಕೆಳಗಿನ ಗದ್ದೆಗಳಲ್ಲಿ ರೈಡ್ ಕಡಿಮೆಯಾಯಿತು. ನೆಹರು ಮೈದಾನದ ಫುಟ್ಬಾಲಿಗೆ ಬರುವ ಉಳ್ಳಾಲ, ಬೆಂಗ್ರೆಯ ಹುಡುಗರ ಕಥೆಯೂ ಇಷ್ಟೆ. ಗೋಲ್‌ಕೀಪರ್ ಹೋದರೆ ಕನಿಷ್ಠ ಗೋಲಾದರೂ ಅಲ್ಲೇ ಇರುತ್ತದೆ ಎಂದು ಒಬ್ಬ ಕೋಚ್ ಸಮಾಧಾನಪಟ್ಟರು. ಮೈದಾನದಲ್ಲಿ ಮರುವಾರ ಒಂದು ರಾಜಕೀಯ ಸಮಾವೇಶವಿತ್ತು, ಗೋಲನ್ನೂ ಕಿತ್ತಿಟ್ಟರು.

ಒಂದು ಕಾಲಕ್ಕೆ ಇಲ್ಲಿ ಹಿಡಿದಿಡುವ ಹಗ್ಗವೊಂದಿತ್ತು, ಅದರ ಹೆಸರು ಬ್ಯಾಂಕು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಎಂದು ನಮ್ಮ ಕರಾವಳಿಯ ಮಣ್ಣಿನಲ್ಲಿ ಹುಟ್ಟಿದ ಬ್ಯಾಂಕುಗಳನ್ನು ಬೆರಳು ಮಡಚಿ ಎಣಿಸುತ್ತಿದ್ದೆವು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿಗೆ ಕಬಡ್ಡಿ ತಂಡವೂ ಇತ್ತು. ಒಳ್ಳೆಯ ರೈಡರ್‌ಗೆ ಕ್ಲರ್ಕ್ ಕೆಲಸ ಸಿಕ್ಕಿದರೆ ಅವನ ತಾಯಿ ಪಾಸ್‌ಪೋರ್ಟಿನ ಮಾತೆತ್ತುತ್ತಿರಲಿಲ್ಲ, ಹುಡುಗಿಯ ಮಾತೆತ್ತುತ್ತಿದ್ದರು. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಬರೋಡಾದ ಪಾಲಾಯಿತು. ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ, ಸಿಂಡಿಕೇಟ್ ಕೆನರಾದೊಳಗೆ. ತಾರೀಕು ಎರಡು ಸಲವೂ ಏಪ್ರಿಲ್ ಒಂದೇ, ಆದರೂ ಯಾರೂ ತಮಾಷೆ ಎಂದುಕೊಳ್ಳಲಿಲ್ಲ. ಬ್ಯಾಂಕುಗಳೇ ಊರಲ್ಲಿ ನಿಲ್ಲದೆ ದೊಡ್ಡ ತಂಡಕ್ಕೆ ಸೇರಿಕೊಂಡ ಮೇಲೆ ಪಿಯುಸಿ ಹುಡುಗನಿಗೆ ನಿಷ್ಠೆಯ ಪಾಠ ಹೇಳುವ ಬಾಯಿ ಯಾವುದು?

ಪ್ರೊ ಕಬಡ್ಡಿ ಬಂತಲ್ಲ, ಎನ್ನುತ್ತೀರಿ. ಬಂತು, 2014ರಲ್ಲಿ. ಟೀವಿಯಲ್ಲಿ ಕಬಡ್ಡಿ ನೋಡಿ ಊರು ಕುಣಿಯಿತು. ಕರಾವಳಿಯ ಸುಕೇಶ್ ಹೆಗ್ಡೆ 2017ರಲ್ಲಿ ಗುಜರಾತಿನ ತಂಡವನ್ನು ನಾಯಕನಾಗಿ ಫೈನಲಿಗೆ ಒಯ್ದರು. ಎದುರಿಗೆ ಪಾಟ್ನಾ, ಗೆದ್ದದ್ದು ಪಾಟ್ನಾ. ಕೆಲವು ವರ್ಷ ಕಳೆದು ಆ ಪಾಟ್ನಾ ತಂಡಕ್ಕೂ ಕರಾವಳಿಯ ಪ್ರಶಾಂತ್ ಕುಮಾರ್ ರೈ ನಾಯಕರಾದರು, 2022ರ ಫೈನಲಿನಲ್ಲಿ ಡೆಲ್ಲಿ ಎದುರು ಒಂದೇ ಅಂಕಕ್ಕೆ ಸೋತರು. ಅಂದರೆ ಗುಜರಾತಿನವರಿಗೂ ಬಿಹಾರದವರಿಗೂ ನಾಯಕ ಬೇಕಾದಾಗ ನಮ್ಮಲ್ಲಿ ಸ್ಟಾಕ್ ಇರುತ್ತದೆ. ಸ್ವಂತ ಪಂದ್ಯಾಟಕ್ಕೆ ಮಾತ್ರ ಔಟ್ ಆಫ್ ಸ್ಟಾಕ್. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಭಾರತ ತಂಡದ ನಾಯಕಿಯಾದರು, ಏಷ್ಯನ್ ಗೇಮ್ಸ್ ಚಿನ್ನ ತಂದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಅವರಿಗೆ ಅನ್ನ ಕೊಟ್ಟದ್ದು ಸಿಕಂದರಾಬಾದಿನ ರೈಲ್ವೆ. ನಾವು ಕೊಟ್ಟದ್ದು ಹಾರ, ಶಾಲು, ಹಣ್ಣುಹಂಪಲಿನ ಬುಟ್ಟಿ. ಬುಟ್ಟಿಯನ್ನು ಫೋಟೋ ಆದ ಮೇಲೆ ವಾಪಸ್ ಕೇಳುವ ಪದ್ಧತಿ ಕೆಲವು ಸಂಘಗಳಲ್ಲಿದೆಯಂತೆ, ನಾನು ನಂಬುವುದಿಲ್ಲ.

ಇದರಲ್ಲಿ ನನಗೆ ಎಲ್ಲಕ್ಕಿಂತ ರುಚಿಸುವ ಸಂಗತಿ ಬೇರೆ. ಇರಾನಿನ ಫಜಲ್ ಅತ್ರಾಚಲಿ 2018ರಲ್ಲಿ ಪ್ರೊ ಕಬಡ್ಡಿ ಹರಾಜಿನಲ್ಲಿ 1 ಕೋಟಿಗೆ ಹೋದರು. ಅವರದೇ ದೇಶದ ಶಾದ್ಲೂಯಿ 2023ರಲ್ಲಿ 2 ಕೋಟಿ ದಾಟಿದರು. ಪರ್ಷಿಯನ್ ಕೊಲ್ಲಿಯ ಆಚೆ ದಡದ ಹುಡುಗ ಕಬಡ್ಡಿ ಆಡಲು ಭಾರತಕ್ಕೆ ಬಂದು ಕೋಟಿ ಎಣಿಸುತ್ತಾನೆ. ಕಬಡ್ಡಿಯಲ್ಲೇ ಹುಟ್ಟಿದ ನಮ್ಮ ಹುಡುಗ ಅದೇ ಕೊಲ್ಲಿಯ ಈಚೆ ದಡಕ್ಕೆ ಹೋಗಿ ಸೂಪರ್ ಮಾರ್ಕೆಟಿನ ಗೋಡೌನಿನಲ್ಲಿ ಪೆಟ್ಟಿಗೆ ಎಣಿಸುತ್ತಾನೆ. ಇಬ್ಬರ ವಿಮಾನಗಳೂ ಅರಬ್ಬೀ ಸಮುದ್ರದ ಮೇಲೆ ಎಲ್ಲೋ ಎದುರುಬದುರಾಗುತ್ತಿರಬೇಕು. ಕೈ ಬೀಸಿಕೊಂಡರೆ ಅದು ಟಚ್ ಪಾಯಿಂಟ್.

ಹೋದವರು ಆಟ ಬಿಟ್ಟಿದ್ದಾರೆಂದು ತಿಳಿಯಬೇಡಿ. ಅಲ್ಲೇ ಚೆನ್ನಾಗಿ ಆಡುತ್ತಾರೆ. ರಜೆಯ ದಿನ ಮರಳಿನ ಅಂಗಳದಲ್ಲಿ ಕ್ರಿಕೆಟ್, ಸಮುದಾಯದ ಸಂಘಗಳ ಕಬಡ್ಡಿ, ತ್ರೋಬಾಲ್, ಹಗ್ಗಜಗ್ಗಾಟ. ನಮ್ಮ ಕಾರ್ಯದರ್ಶಿಯವರ ಮೊಬೈಲಿಗೆ ಫೋಟೋ ಬರುತ್ತದೆ: ಹಳೆಯ ಎಡ ಕಾರ್ನರ್, ಹಳೆಯ ಬಲ ಕಾರ್ನರ್, ಉದ್ದದ ರೈಡರ್, ಎಲ್ಲ ಒಂದೇ ಅಂಕಣದಲ್ಲಿ, ಹೊಸ ಜೆರ್ಸಿಯಲ್ಲಿ. ಇಲ್ಲಿ ಅವರು ಆಡಿದ್ದು ಚುನಾವಣೆಯಲ್ಲಿ ಯಾರೋ ಹಂಚಿದ ಟೀ ಶರ್ಟಿನಲ್ಲಿ. 2022ರಿಂದ ಯುಎಇಯವರು ವಾರದ ರಜೆಯನ್ನು ಶನಿವಾರ, ಭಾನುವಾರಕ್ಕೆ ಬದಲಾಯಿಸಿದರು. ಈಗ ಅಲ್ಲಿಯ ಪಂದ್ಯವೂ ಭಾನುವಾರ, ಇಲ್ಲಿಯದೂ ಭಾನುವಾರ. ಇಲ್ಲಿ ಆಡುವವರಿಲ್ಲದ ಕಾರಣ ನಮ್ಮವರು ಕುಳಿತು ಅಲ್ಲಿಯದರ ಫೇಸ್‌ಬುಕ್ ಲೈವ್ ನೋಡುತ್ತಾರೆ.

ಮತ್ತೆ ಮಳೆಗಾಲದಲ್ಲಿ, ಮಕ್ಕಳ ಶಾಲೆಗೆ ಅಲ್ಲಿ ರಜೆ ಸಿಕ್ಕಿದಾಗ, ಸಂಸಾರ ಸಮೇತ ಬಂದಿಳಿಯುತ್ತಾರೆ. ಆಗ ‘ಕೆಸರ್ಡ್ ಒಂಜಿ ದಿನ’. ನೇಜಿ ನೆಡಲು ಜನ ಸಿಗದೆ ಹಡಿಲು ಬಿಟ್ಟ ಗದ್ದೆಗೆ ಟ್ರ್ಯಾಕ್ಟರ್ ಇಳಿಸಿ, ನೀರು ಕಟ್ಟಿ, ಕೆಸರು ತಯಾರಿಸಲಾಗುತ್ತದೆ. ಅದರಲ್ಲಿ ಮಾಜಿ ಆಟಗಾರರ ಕಬಡ್ಡಿ. ಎರಡು ರೈಡಿಗೆ ಏದುಸಿರು, ಮೂರನೆಯದಕ್ಕೆ ಸೆಲ್ಫಿ. ಕೆಸರಿನಲ್ಲಿ ಜಾರಿ ಬಿದ್ದವನ ಟ್ರೌಸರಿನ ಕಿಸೆಯಿಂದ ಎಮಿರೇಟ್ಸ್ ಐಡಿ ಕಾರ್ಡ್ ಬಿದ್ದರೆ ಇಡೀ ತಂಡ ಆಟ ನಿಲ್ಲಿಸಿ ಹುಡುಕುತ್ತದೆ. ಕಬಡ್ಡಿಯಲ್ಲಿ ಅಂಥ ಒಗ್ಗಟ್ಟು ನಾನು ಬೇರೆಲ್ಲೂ ನೋಡಿಲ್ಲ.

ಆಟಗಾರರು ಹೋದಾಗ ಕ್ಲಬ್ಬೊಂದು ಮರ್ಯಾದೆಯಿಂದ ಏನು ಮಾಡಬಹುದೆಂಬುದಕ್ಕೆ ನಮ್ಮ ದೇಶದಲ್ಲೇ ಒಂದು ಹಳೆಯ ಉದಾಹರಣೆಯಿದೆ, ಅದೂ ರಗ್ಬಿಯದೇ. 1873ರಲ್ಲಿ ಕಲ್ಕತ್ತಾದ ಬ್ರಿಟಿಷರು ರಗ್ಬಿ ಕ್ಲಬ್ ಕಟ್ಟಿದರು. ಬಾರ್ ಪುಕ್ಕಟೆಯಾಗಿದ್ದಷ್ಟು ದಿನ ಸದಸ್ಯರಿಗೆ ಬರವಿರಲಿಲ್ಲ. ಪುಕ್ಕಟೆ ನಿಲ್ಲಿಸಿದ ಮೇಲೆ ಕ್ರೀಡಾಸ್ಫೂರ್ತಿ ಟೆನಿಸ್, ಪೋಲೋ ಕಡೆ ತಿರುಗಿತು. ಕ್ಲಬ್ ಮುಚ್ಚುವುದೇ ಎಂದಾದಾಗ ಅವರು ಬ್ಯಾಂಕಿನಲ್ಲಿದ್ದ 270 ಬೆಳ್ಳಿ ರೂಪಾಯಿ ತೆಗೆದು, ಕರಗಿಸಿ, ನಾಗರಹಾವಿನ ಹಿಡಿಕೆ, ಮುಚ್ಚಳದ ಮೇಲೆ ಆನೆ ಇರುವ ಒಂದು ಕಪ್ ಮಾಡಿಸಿ 1878ರಲ್ಲಿ ಇಂಗ್ಲೆಂಡಿನ ರಗ್ಬಿ ಸಂಸ್ಥೆಗೆ ಕೊಟ್ಟರು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಇಂದಿಗೂ ಆ ಕಲ್ಕತ್ತಾ ಕಪ್ಪಿಗಾಗಿ ಹೊಡೆದಾಡುತ್ತವೆ. 1988ರಲ್ಲಂತೂ ಪಂದ್ಯ ಮುಗಿದ ರಾತ್ರಿಯ ಅಮಲಿನಲ್ಲಿ ಎರಡೂ ತಂಡದ ಆಟಗಾರರು ಎಡಿನ್‌ಬರೋ ಬೀದಿಯಲ್ಲಿ ಅದನ್ನೇ ಚೆಂಡು ಮಾಡಿ ಒದ್ದು ನೆಗ್ಗಿಸಿದರು.

ಇದನ್ನು ನಮ್ಮ ಸಂಘದ ಮಹಾಸಭೆಯಲ್ಲಿ ಯಾರೋ ಓದಿ ಹೇಳಿದರಂತೆ. ಮುಚ್ಚುವುದಾದರೆ ನಾವೂ ಹಾಗೆ ಘನತೆಯಿಂದ ಮುಚ್ಚೋಣ ಎಂಬ ಸಲಹೆ ಬಂತು. ಕಪಾಟು ತೆರೆದು ನೋಡಿದರು. ಶಾಶ್ವತ ಫಲಕಗಳೆಲ್ಲ ಪ್ಲಾಸ್ಟಿಕ್ಕಿನವು, ಚಿನ್ನದ ಬಣ್ಣ ಅಂಗೈಗೆ ಬಂತು. ಕರಗಿಸಿದರೆ ಕಪ್ ಆಗುವುದಿಲ್ಲ, ಪರಿಸರ ಇಲಾಖೆಯ ನೋಟಿಸ್ ಆಗುತ್ತದೆ. ಖಜಾಂಚಿಯವರು ಬ್ಯಾಂಕ್ ಪಾಸ್‌ಬುಕ್ ತೋರಿಸಲು ಒಪ್ಪಲಿಲ್ಲ.

ಕಾರ್ಯದರ್ಶಿಯವರು ವಾಸ್ತವವಾದಿ. ಅವರು ಮುಂದಿಟ್ಟ ಠರಾವು ಚಪ್ಪಾಳೆಯೊಂದಿಗೆ ಪಾಸಾಗಿದೆ. ಮುಂದಿನ ವರ್ಷದ ಪಂದ್ಯಾಟ ಶಾರ್ಜಾದಲ್ಲಿ. ಆಟಗಾರರು ಅಲ್ಲಿದ್ದಾರೆ, ಪ್ರಾಯೋಜಕರು ಅಲ್ಲಿದ್ದಾರೆ, ಪ್ರೇಕ್ಷಕರು ಅಲ್ಲಿದ್ದಾರೆ, ಗೌರವಾಧ್ಯಕ್ಷರು ಮೊದಲೇ ಅಲ್ಲಿದ್ದಾರೆ. ಮಂಗಳೂರಿನಿಂದ ಒಂದು ತಂಡ ಕಟ್ಟಲು ಸಾಧ್ಯವಾದರೆ ಅದನ್ನು ‘ವಿದೇಶಿ ತಂಡ’ ಎಂಬ ವಿಶೇಷ ವಿಭಾಗದಲ್ಲಿ ಆಡಿಸುವುದು, ಟಿಕೆಟ್ ಖರ್ಚು ಸಂಘವೇ ಭರಿಸುವುದು ಎಂದೂ ಆಯಿತು. ಏಳು ಹುಡುಗರ ಹೋಗಿಬರುವ ಖರ್ಚು ಎಷ್ಟಾಗಬಹುದೆಂದು ಅಧ್ಯಕ್ಷರು ಕೇಳಿದಾಗ ಖಜಾಂಚಿಯವರು ಕ್ಯಾಲ್ಕುಲೇಟರ್ ಒತ್ತಲು ಹೊರಟವರು ಅರ್ಧದಲ್ಲಿ ನಿಲ್ಲಿಸಿ, ಬರುವ ಟಿಕೆಟ್ ಯಾಕೆ ಸ್ವಾಮಿ, ಎಂದರಂತೆ.