ರಾಯರ ಇನ್ಶೂರೆನ್ಸ್ ಫೈಲು

ದೆಹಲಿ ಕರ್ನಾಟಕ ಸಂಘದ ಯಾವ ಕಾರ್ಯಕ್ರಮಕ್ಕೆ ಹೋದರೂ ಎರಡನೆಯ ಸಾಲಿನಲ್ಲಿ ಒಬ್ಬ ರಾಯರು ಕೂತಿರುತ್ತಾರೆ. ಇಪ್ಪತ್ತೆರಡರ ಪ್ರಾಯದಲ್ಲಿ ಟ್ರಂಕು ಹಿಡಿದು ರಾಜಧಾನಿಗೆ ಬಂದವರು. ಆರ್.ಕೆ. ಪುರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿ, ಶಾಸ್ತ್ರಿ ಭವನದಲ್ಲಿ ಅಂಡರ್ ಸೆಕ್ರೆಟರಿಯಾಗಿ 2014ರಲ್ಲಿ ನಿವೃತ್ತರಾಗಿ, ಈಗ ದ್ವಾರಕಾದ ಫ್ಲ್ಯಾಟಿನಲ್ಲಿ ನೆಲೆಸಿದವರು. ಮಗಳು ನ್ಯೂಜೆರ್ಸಿಯಲ್ಲಿ. ಶಾಂತಿಪಥದ ಅಮೆರಿಕನ್ ರಾಯಭಾರ ಕಚೇರಿಯಿಂದ ಹತ್ತು ವರ್ಷದ ವೀಸಾ ಸಿಕ್ಕಿದೆ, ಆರು ತಿಂಗಳಿಗೆಂದು ಟಿಕೆಟ್ಟೂ ಆಗಿದೆ. ಉಳಿದದ್ದು ಒಂದೇ ವಿಷಯ: ಹೆಲ್ತ್ ಇನ್ಶೂರೆನ್ಸ್ ಮಾಡಿಸಬೇಕೋ ಬೇಡವೋ.

ರಾಯರನ್ನು ಜಿಪುಣರೆನ್ನುವುದು ಅನ್ಯಾಯ. 2018ರಲ್ಲಿ ದಂಪತಿ ಯೂರೋಪ್ ಟೂರಿಗೆ ಹೊರಟಾಗ ಅವರು ಚಕಾರವೆತ್ತದೆ ವಿಮೆ ಮಾಡಿಸಿದ್ದರು. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಇರಲೇಬೇಕೆಂಬ ನಿಯಮವಿದೆ. ನಿಯಮವನ್ನು ಎರಡು ಸಲ ಓದಿ, ಅಡಿಗೆರೆ ಎಳೆದು, ಪಾಲಿಸಿಯ ಮೂರು ಪ್ರತಿ ತೆಗೆಸಿ, ಶಿವಾಜಿ ಸ್ಟೇಡಿಯಂ ಮೆಟ್ರೊ ನಿಲ್ದಾಣದ ವೀಸಾ ಕೇಂದ್ರಕ್ಕೆ ಅರ್ಧ ಗಂಟೆ ಮೊದಲೇ ಹೋಗಿ ಕೂತಿದ್ದರು. ಆದೇಶವೊಂದಿದ್ದರೆ ರಾಯರ ಕೈ ಎಂದೂ ಬಿಗಿಯಲ್ಲ.

ಅಮೆರಿಕದ್ದೇ ತೊಂದರೆ. ಅಲ್ಲಿಗೆ ಹೋಗುವ ಪ್ರವಾಸಿಗೆ ವಿಮೆ ಕಡ್ಡಾಯವಲ್ಲ. ವೀಸಾ ಅರ್ಜಿಯಲ್ಲಿ ತಾತ ಮುತ್ತಾತನನ್ನು ಬಿಟ್ಟು ಮಿಕ್ಕೆಲ್ಲ ವಿಚಾರಿಸಿದ್ದಾರೆ, ವಿಮೆಯ ಸುದ್ದಿಯೇ ಎತ್ತಿಲ್ಲ. ನಲವತ್ತು ವರ್ಷ ‘ಮೇಲಿನವರ ಆದೇಶಕ್ಕಾಗಿ ಮಂಡಿಸಿದೆ’ ಎಂದು ಬರೆದ ಕೈಗೆ ಇದ್ದಕ್ಕಿದ್ದಂತೆ ಮೇಲಿನವರೇ ಇಲ್ಲದಂತಾಯಿತು.

ಕೆನಡಾಕ್ಕೆ ಮಗನ ಮನೆಗೆ ಹೊರಟ ಪಕ್ಕದ ಬ್ಲಾಕಿನ ಮಿತ್ರರನ್ನು ಕಂಡರೆ ರಾಯರಿಗೆ ಈಗ ಅಸೂಯೆ. ಅವರದು ಸೂಪರ್ ವೀಸಾ. ಕನಿಷ್ಠ 1,00,000 ಕೆನಡಿಯನ್ ಡಾಲರಿನ, ಒಂದು ವರ್ಷದ ವಿಮೆ ತೋರಿಸದಿದ್ದರೆ ಅರ್ಜಿಯೇ ಸಾಗದು. ‘ಪುಣ್ಯವಂತ್ರು ಕಣ್ರೀ ನೀವು, ಯೋಚನೆ ಮಾಡೋ ಹಾಗೇ ಇಲ್ಲ’ ಎಂದು ರಾಯರು ಮನಸಾರೆ ಹೇಳಿದರು. ಅಷ್ಟು ದುಡ್ಡು ಕಟ್ಟಿ ಬಂದ ಮಿತ್ರರಿಗೆ ಪುಣ್ಯ ಯಾವ ಕಡೆಯಿಂದ ಬಂತೆಂದು ಹೊಳೆಯಲಿಲ್ಲ.

ರಾಯರ ಅಳುಕಿನ ಬೇರು ಅವರ ಪರ್ಸಿನಲ್ಲಿದೆ, ಪ್ಲಾಸ್ಟಿಕ್ ಕಾರ್ಡಿನ ರೂಪದಲ್ಲಿ. ಕೇಂದ್ರ ಸರ್ಕಾರದ ಆರೋಗ್ಯ ಯೋಜನೆ, ಅಂದರೆ ಸಿಜಿಎಚ್ಎಸ್, 1954ರಲ್ಲಿ ದೆಹಲಿಯಲ್ಲೇ ಶುರುವಾದದ್ದು; ರಾಯರು ಹುಟ್ಟಿದ್ದೂ ಅದೇ ವರ್ಷ. ನಿವೃತ್ತಿಯ ಹೊತ್ತಿಗೆ ತಿಂಗಳಿಗೆ 500 ರೂಪಾಯಿಯಂತೆ ಹತ್ತು ವರ್ಷದ ವಂತಿಗೆ, 60,000 ರೂಪಾಯಿ, ಒಂದೇ ಸಲಕ್ಕೆ ಕಟ್ಟಿ ಆಜೀವ ಕಾರ್ಡು ಪಡೆದರು. 2017ರಲ್ಲಿ ಅವರ ದರ್ಜೆಯ ವಂತಿಗೆ ತಿಂಗಳಿಗೆ 650 ರೂಪಾಯಿಗೆ ಏರಿದಾಗ ಒಂದು ವಾರ ಕಂಡಕಂಡವರಿಗೆಲ್ಲ ಈ ಲೆಕ್ಕ ಒಪ್ಪಿಸಿದ್ದರು. ಬಿಪಿ, ಸಕ್ಕರೆ, ಮಂಡಿ, ಪೊರೆ ಎಲ್ಲವನ್ನೂ ಆ ಕಾರ್ಡು ನೋಡಿಕೊಂಡಿದೆ. ಸರ್ಕಾರ ಈಗ ‘ವೆಲ್‌ನೆಸ್ ಸೆಂಟರ್’ ಎಂದು ಬೋರ್ಡು ಹಾಕಿದ್ದರೂ ರಾಯರು ‘ಡಿಸ್ಪೆನ್ಸರಿ’ ಎನ್ನುವುದನ್ನು ಬಿಟ್ಟಿಲ್ಲ. ಕಾಯಿಲೆಗೆ ಮೊದಲೇ ಅಂಗಡಿಯಲ್ಲಿ ದುಡ್ಡು ಕೊಟ್ಟು ಭದ್ರತೆ ಕೊಳ್ಳುವ ಅಭ್ಯಾಸ ಅವರಿಗೆ ಆಗಲೇ ಇಲ್ಲ.

ಆದರೆ ಆ ಕಾರ್ಡಿನ ಆಸ್ಪತ್ರೆಗಳ ಪಟ್ಟಿ ಭಾರತದ ಗಡಿಯಲ್ಲೇ ಮುಗಿಯುತ್ತದೆ. ವಿದೇಶಕ್ಕೆ ಹೊರಟವರು ವೀಸಾ, ಟಿಕೆಟ್ಟಿನ ಪ್ರತಿ ಲಗತ್ತಿಸಿದರೆ ಕೆಲವು ತಿಂಗಳ ಮಾತ್ರೆ ಒಟ್ಟಿಗೆ ಸಿಗುವುದುಂಟು. ರಾಯರು ಮೊದಲು ಮಾಡಿದ ಕೆಲಸ ಅದೇ. ಒಂದು ಹಿಂಡಲಿಯಂ ಡಬ್ಬಿಯ ತುಂಬ ಮಾತ್ರೆ ತಂದಿಟ್ಟು, ‘ಅರ್ಧ ಇನ್ಶೂರೆನ್ಸ್ ಆದ ಹಾಗೇ’ ಎಂದರು.

‘ಇನ್ನರ್ಧ?’ ಎಂದರು ಅಮ್ಮಾವ್ರು.

ಇನ್ನರ್ಧಕ್ಕೆ ಫೈಲು ತೆರೆಯಲಾಯಿತು. ಕೆಂಪು ದಾರದ ನಿಜವಾದ ಫೈಲು. ಮೊದಲ ಟಿಪ್ಪಣಿ: ಅಳಿಯನ ಕಂಪನಿಯ ವಿಮೆಗೆ ತಮ್ಮಿಬ್ಬರನ್ನು ಸೇರಿಸಬಹುದೇ? ಗುರುಗ್ರಾಮದ ಐಟಿ ಕಂಪನಿಗಳಲ್ಲಿ ಅಪ್ಪ ಅಮ್ಮಂದಿರನ್ನು ಸೇರಿಸುವುದು ಸಾಮಾನ್ಯ. ಅಮೆರಿಕದ ಕಂಪನಿಗಳಲ್ಲಿ ಹೆಂಡತಿ ಮಕ್ಕಳಿಗೆ ಮುಗಿಯಿತು, ಅತ್ತೆ ಮಾವಂದಿರು ಲೆಕ್ಕಕ್ಕೇ ಇಲ್ಲ. ಎರಡನೆಯ ಟಿಪ್ಪಣಿ: ಅಲ್ಲಿ 65 ದಾಟಿದವರಿಗೆ ಮೆಡಿಕೇರ್ ಇದೆಯಂತಲ್ಲ? ಇದೆ, 1965ರಿಂದಲೂ ಇದೆ. ಆದರೆ ಹೊರಗಿನಿಂದ ಬಂದವರು ಗ್ರೀನ್ ಕಾರ್ಡು ಹಿಡಿದು ಐದು ವರ್ಷ ಸತತವಾಗಿ ಅಲ್ಲೇ ಇದ್ದಿರಬೇಕು. ‘ತಿರಸ್ಕೃತ’ ಎಂದು ರಾಯರೇ ಷರಾ ಬರೆದರು.

ಮೂರನೆಯ ಟಿಪ್ಪಣಿಗೆ ಸಾಮಗ್ರಿ ಸಂಘದಲ್ಲಿ ಸಿಕ್ಕಿತು. ಬಿಸಿಬೇಳೆಬಾತಿನ ತಟ್ಟೆ ಹಿಡಿದವರೊಬ್ಬರು, ‘ಏನೂ ಬೇಡ ಸಾರ್. ಎಮರ್ಜೆನ್ಸಿಗೆ ಹೋದ್ರೆ ಯಾರನ್ನೂ ವಾಪಸ್ ಕಳಿಸೋ ಹಾಗಿಲ್ಲ, ಅಲ್ಲಿ ಕಾನೂನೇ ಇದೆ’ ಎಂದರು. ಕಾನೂನು ಎಂದ ಕೂಡಲೇ ರಾಯರ ಕಿವಿ ನೆಟ್ಟಗಾಯಿತು. ಮನೆಗೆ ಬಂದು ಹುಡುಕಿದರು: 1986ರ ಕಾಯಿದೆ, ನಿಜ. ದುಡ್ಡಿರಲಿ ಬಿಡಲಿ, ರೋಗಿಯನ್ನು ತಪಾಸಿಸಿ ಸ್ಥಿತಿ ಸ್ಥಿರಗೊಳಿಸಲೇಬೇಕು. ಬಿಲ್ಲು ಕಳಿಸಕೂಡದೆಂದು ಮಾತ್ರ ಕಾಯಿದೆಯಲ್ಲಿ ಎಲ್ಲೂ ಇಲ್ಲ.

ಬಿಲ್ಲು ಎಷ್ಟಾದೀತು? ಮಗಳ ಮಾತನ್ನು ರಾಯರು ನಂಬುವವರಲ್ಲ, ಏಜೆಂಟನ ಮಾತನ್ನಂತೂ ಇಲ್ಲವೇ ಇಲ್ಲ. ಅಮೆರಿಕ ಸರ್ಕಾರದ್ದೇ ಹೆಲ್ತ್‌ಕೇರ್ ಡಾಟ್ ಗವ್ ತೆರೆದರು. ಮೂರು ದಿನ ಆಸ್ಪತ್ರೆಯಲ್ಲಿ ಮಲಗಿದರೆ ಸರಾಸರಿ ಸುಮಾರು 30,000 ಡಾಲರ್. ಮುರಿದ ಕಾಲಿಗೆ 7,500 ಡಾಲರ್‌ವರೆಗೆ. ರೂಪಾಯಿಗೆ ತಿರುಗಿಸಿದರು: ಮೊದಲನೆಯದು ಇಪ್ಪತ್ತೈದು ಲಕ್ಷ ದಾಟಿತು, ಎರಡನೆಯದು ಆರು ಲಕ್ಷ. ‘ನ್ಯೂಜೆರ್ಸಿಯಲ್ಲಿ ಹಿಮ ಬಿದ್ದ ದಿನ ವಾಕಿಂಗ್ ಹೋಗತಕ್ಕದ್ದಲ್ಲ’ ಎಂದು ಫೈಲಿನಲ್ಲಿ ಬರೆದು ರುಜು ಹಾಕಿದರು.

ಆಮೇಲೆ ಯಾವ ಪಾಲಿಸಿ ಎಂಬ ಗೊಂದಲ. ಅಮೆರಿಕದ ಕಂಪನಿಗಳದು ಎರಡು ಬಗೆ: ಒಂದೊಂದು ಚಿಕಿತ್ಸೆಗೂ ಇಷ್ಟೇ ಎಂದು ಗೆರೆ ಎಳೆದದ್ದು ಅಗ್ಗ, ಬಿಲ್ಲಿನ ಬಹುಪಾಲು ಹೊರುವ ಕಾಂಪ್ರಿಹೆನ್ಸಿವ್ ದುಬಾರಿ. ಇಲ್ಲಿನ ಕಂಪನಿಗಳದನ್ನು ವಿಮಾನ ಹತ್ತುವ ಮೊದಲೇ ಮಾಡಿಸಬೇಕು. ಎರಡು ಕಡೆಯೂ ಹಳೆಯ ಕಾಯಿಲೆ ಎಂದರೆ ಮುಖ ಸಿಂಡರಿಸುತ್ತಾರೆ. ಹೆಚ್ಚೆಂದರೆ ಪ್ರಾಣಕ್ಕೆ ಸಂಚಕಾರ ಬಂದಾಗ ಒಂದು ಮಿತಿಯವರೆಗೆ ಕೊಡುತ್ತಾರೆ. ಇಬ್ಬರ ಪ್ರೀಮಿಯಂ ಹೆಚ್ಚೂಕಡಿಮೆ ಒಂದು ತಿಂಗಳ ಪಿಂಚಣಿ. ‘ಏನೂ ಆಗದಿದ್ರೆ ದುಡ್ಡು ವಾಪಸ್ ಬರುತ್ತಾ?’ ಎಂದು ಕಾಲ್ ಸೆಂಟರಿನ ಹುಡುಗಿಯನ್ನು ಹಿಂದಿಯಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಕೇಳಿದರು. ಉತ್ತರ ಎರಡು ಭಾಷೆಯಲ್ಲೂ ಒಂದೇ ಆಗಿತ್ತು.

ಕೊನೆಗೆ ಪ್ರಯಾಣಕ್ಕೆ ಎರಡು ದಿನವಿದ್ದಾಗ ಅಮ್ಮಾವ್ರು ಬಾಯಿಬಿಟ್ಟರು: ‘ನೋಡಿ, ನಂಗೇನಾದ್ರೂ ಆದ್ರೆ ಅಳಿಯಂದಿರ ಮುಂದೆ ಕೈಯೊಡ್ಡೋ ಹಾಗಾಗ್ಬಾರ್ದು. ಕಟ್ತೀರೋ, ನನ್ನ ಬಳೆ ಮಾರ್ಲೋ?’

ರಾಯರ ಮುಖ ಅರಳಿತು. ಅಂತೂ ಆದೇಶ ಬಂತು! ‘ಮೇಲಿನಂತೆ ಅನುಮೋದಿಸಲಾಗಿದೆ’ ಎಂದು ಬರೆದು ಇಲ್ಲಿನ ಕಂಪನಿಗೇ ದುಡ್ಡು ಕಟ್ಟಿದರು. ಹಳೆಯ ಕಾಯಿಲೆಗಳ ಕಾಲಮಿನಲ್ಲಿ ಏನನ್ನೂ ಮುಚ್ಚಿಡಲಿಲ್ಲ. 1974ರ ಕಾಮಾಲೆಯನ್ನೂ ಬರೆದರು.

ಅಮೆರಿಕದಲ್ಲಿ ಐದು ತಿಂಗಳು ಇಬ್ಬರಿಗೂ ಒಂದು ಸೀನೂ ಬರಲಿಲ್ಲ. ಕಟ್ಟಿದ ದುಡ್ಡು ದಿನಕ್ಕಿಷ್ಟು ಎಂದು ಕರಗುತ್ತಿರುವುದನ್ನು ರಾಯರು ಮೊಮ್ಮಗನ ಕ್ಯಾಲ್ಕುಲೇಟರಿನಲ್ಲಿ ನೋಡುತ್ತ ಕೊರಗಿದರು. ಆರನೆಯ ತಿಂಗಳಲ್ಲಿ ಅಮ್ಮಾವ್ರಿಗೆ ಕಿವಿನೋವು ಬಂತು. ಅರ್ಜೆಂಟ್ ಕೇರ್ ಕ್ಲಿನಿಕ್ಕಿಗೆ ಒಂದು ವಾರದಲ್ಲಿ ಎರಡು ಸಲ ಓಡಾಟ. ರಾಯರ ಉತ್ಸಾಹ ಕಂಡು ಮಗಳಿಗೆ ನಾಚಿಕೆಯಾಯಿತು. ಪ್ರತಿಯೊಂದು ರಸೀದಿಗೂ ಸೀಲು ಕೇಳಿದರಂತೆ; ಅಲ್ಲಿಯವರ ಹತ್ತಿರ ಸೀಲೇ ಇರಲಿಲ್ಲ.

ಊರಿಗೆ ಮರಳಿ ಕ್ಲೈಮು ಹಾಕಿದರು. ಕಂಪನಿ ಎರಡೂ ಭೇಟಿಗೆ ನೂರು ನೂರು ಡಾಲರ್ ಡಿಡಕ್ಟಿಬಲ್ ಮುರಿದುಕೊಂಡು ಮಿಕ್ಕದ್ದು ಕಳಿಸಿತು. ರಾಯರು ಮತ್ತೆ ಇಪ್ಪತ್ತೆರಡರ ಯುವಕರಾದರು. ಒಂದೇ ಕಾಯಿಲೆಗೆ ಒಂದೇ ಡಿಡಕ್ಟಿಬಲ್ ಎಂದು ಪಾಲಿಸಿಯಲ್ಲೇ ಇದೆಯಲ್ಲ! ಕಂಪನಿಗೆ ಪತ್ರ ಹೋಯಿತು. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ಅಸಫ್ ಅಲಿ ರಸ್ತೆಯ ವಿಮಾ ಒಂಬಡ್ಸ್‌ಮನ್ ಕಚೇರಿ ಇದ್ದೇ ಇದೆ. ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಡ. ಬ್ಲೂ ಲೈನಿನಲ್ಲಿ ಮಂಡಿ ಹೌಸ್, ಅಲ್ಲಿಂದ ವಯಲೆಟ್ ಲೈನಿನಲ್ಲಿ ದಿಲ್ಲಿ ಗೇಟ್ ಎಂದು ದಾರಿಯನ್ನೂ ಗುರುತು ಹಾಕಿಟ್ಟುಕೊಂಡಿದ್ದಾರೆ.

ಮೊನ್ನೆ ರಾತ್ರಿ ಲಗತ್ತುಗಳನ್ನು ಜೋಡಿಸುತ್ತಿದ್ದಾಗ ಕಣ್ಣಿಗೆ ಬಿತ್ತು: ಮೊದಲ ರಸೀದಿಯಲ್ಲಿ ಎಡಗಿವಿ, ಎರಡನೆಯದರಲ್ಲಿ ಬಲಗಿವಿ. ಕನ್ನಡಕ ಒರೆಸಿ ಮತ್ತೆ ಓದಿ, ಅಡುಗೆಮನೆ ಬಾಗಿಲಿಗೆ ಹೋಗಿ ನಿಂತರು.

‘ಲೇ, ನಿಜ ಹೇಳು, ನಿಂಗೆ ನೋಯ್ತಿದ್ದದ್ದು ಯಾವ ಕಿವಿ?’

‘ಈಗ ಎರಡೂ ನೋಯ್ತಿದೆ ಕಣ್ರೀ’ ಎಂದರು ಅಮ್ಮಾವ್ರು, ಕುಕ್ಕರಿನ ಮುಚ್ಚಳ ಹಾಕುತ್ತ.